ವಿದ್ಯುತ್ ತಂತಿಯ ಮೂಲಕ ಮನೆಗೆ ಅಂತರ್ಜಾಲ: ಸಾರ್ವಜನಿಕರ ತಿಳಿವಳಿಕೆಗಾಗಿ

1. ಪೀಠಿಕೆ

ಹೊಸ ಮನೆಗೆ ವಿದ್ಯುತ್ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಒಂದು ಪ್ರಶ್ನೆ ಸಹಜವಾಗಿ ಮೂಡುತ್ತದೆ. ಮನೆಯವರೆಗೆ ವಿದ್ಯುತ್ ತಂತಿ ಹೇಗೂ ಬರುತ್ತದೆ. ಅದೇ ತಂತಿಯಲ್ಲಿ ಅಂತರ್ಜಾಲ ಸೇವೆಯನ್ನೂ ಏಕೆ ಒದಗಿಸಬಾರದು? ದೂರವಾಣಿ ತಂತಿಯಾಗಲಿ ಕೇಬಲ್ ಆಗಲಿ ತಲುಪದ ಹಳ್ಳಿಗಳಲ್ಲಿ, ತೋಟದ ಮನೆಗಳಲ್ಲಿ ವಿದ್ಯುತ್ ದೀಪ ಉರಿಯುತ್ತಿರುವುದರಿಂದ ಈ ಪ್ರಶ್ನೆಗೆ ಹೆಚ್ಚಿನ ಮಹತ್ವವಿದೆ. ಮಕ್ಕಳ ಪಾಠ, ಪಹಣಿ ಪ್ರತಿ, ಪಿಂಚಣಿ ಅರ್ಜಿ, ಬ್ಯಾಂಕಿನ ವ್ಯವಹಾರ ಮುಂತಾದವು ಅಂತರ್ಜಾಲವನ್ನು ಅವಲಂಬಿಸಿರುವಾಗ, ಸಂಪರ್ಕವಿಲ್ಲದ ಮನೆಯವರು ಪ್ರತಿಯೊಂದು ಕೆಲಸಕ್ಕೂ ಹೋಬಳಿ ಕೇಂದ್ರಕ್ಕೆ ಹೋಗಿ ಸರದಿಯಲ್ಲಿ ನಿಲ್ಲಬೇಕಾಗುತ್ತದೆ.

ಈ ಪ್ರಶ್ನೆ ಹೊಸದಲ್ಲ. ಬ್ರಿಟನ್, ಜರ್ಮನಿ ಹಾಗೂ ಅಮೆರಿಕ ದೇಶಗಳಲ್ಲಿ 1997ರಿಂದ 2012ರವರೆಗೆ ಈ ವಿಧಾನವನ್ನು ಅಪಾರ ಹಣ ತೊಡಗಿಸಿ ಪ್ರಯೋಗಿಸಲಾಗಿದೆ. ತಾಂತ್ರಿಕವಾಗಿ ಅದು ಕೆಲಸ ಮಾಡಿತು. ಆದರೆ ಮನೆಮನೆಗೆ ಅಂತರ್ಜಾಲ ಒದಗಿಸುವ ಸಾರ್ವಜನಿಕ ಸೇವೆಯಾಗಿ ಬಹುತೇಕ ಎಲ್ಲೆಡೆ ನಿಂತುಹೋಯಿತು. ಇದರ ಕಾರಣಗಳನ್ನು, ಈ ವಿಧಾನದಿಂದ ಇಂದಿಗೂ ಉಳಿದಿರುವ ಪ್ರಯೋಜನಗಳನ್ನು ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಹೆಸರಿನ ಬಗ್ಗೆ ಒಂದು ಸ್ಪಷ್ಟೀಕರಣ

ವಿದ್ಯುತ್ ತಂತಿಯ ಮೂಲಕ ಬ್ರಾಡ್‌ಬ್ಯಾಂಡ್ ನೀಡುವ ವಿಧಾನವನ್ನು ಇಂಗ್ಲಿಷ್ ಬರಹಗಳಲ್ಲಿ ಬಿ.ಪಿ.ಎಲ್. ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯಲಾಗಿದೆ. ನಮ್ಮಲ್ಲಿ ಬಿ.ಪಿ.ಎಲ್. ಎಂದರೆ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳು ಹಾಗೂ ಅವುಗಳಿಗೆ ನೀಡುವ ಪಡಿತರ ಚೀಟಿ ಎಂದೇ ರೂಢಿಯಲ್ಲಿದೆ. ಇವೆರಡಕ್ಕೂ ಯಾವುದೇ ಸಂಬಂಧವಿರುವುದಿಲ್ಲ. ಗೊಂದಲವಾಗದಂತೆ ಈ ಪುಟದಲ್ಲಿ ಸದರಿ ವಿಧಾನವನ್ನು "ತಂತಿ ಬ್ರಾಡ್‌ಬ್ಯಾಂಡ್" ಎಂದು ಕರೆಯಲಾಗಿದೆ.

3. ಒಂದೇ ತಂತಿಯಲ್ಲಿ ವಿದ್ಯುತ್ತೂ ಸಂಕೇತವೂ ಸಾಗುವ ಬಗೆ

ನಮ್ಮ ಮನೆಗಳಿಗೆ ಬರುವ ವಿದ್ಯುತ್ ಪ್ರವಾಹವು ದಿಕ್ಕು ಬದಲಿಸುತ್ತಾ ಸೆಕೆಂಡಿಗೆ 50 ಆವರ್ತನೆಗಳನ್ನು ಪೂರ್ಣಗೊಳಿಸುತ್ತದೆ. ಇದನ್ನು 50 ಹರ್ಟ್ಸ್ ಎನ್ನಲಾಗುತ್ತದೆ. ಅಮೆರಿಕದಲ್ಲಿ ಇದು 60 ಹರ್ಟ್ಸ್. ತಂತಿ ಬ್ರಾಡ್‌ಬ್ಯಾಂಡ್ ಸಂಕೇತಗಳು ಇದಕ್ಕಿಂತ ಅತಿ ಹೆಚ್ಚಿನ, ಅಂದರೆ ಸುಮಾರು 2 ಮೆಗಾಹರ್ಟ್ಸ್‌ನಿಂದ 80 ಮೆಗಾಹರ್ಟ್ಸ್‌ವರೆಗಿನ ಆವರ್ತನಗಳಲ್ಲಿ ಸಾಗುತ್ತವೆ. ಒಂದು ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 10 ಲಕ್ಷ ಆವರ್ತನೆಗಳು. ಎರಡರ ನಡುವೆ ಇಷ್ಟು ದೊಡ್ಡ ಅಂತರ ಇರುವುದರಿಂದ ಒಂದೇ ತಂತಿಯಲ್ಲಿ ಎರಡೂ ಸಾಗಬಲ್ಲವು ಮತ್ತು ಮನೆಯಲ್ಲಿರುವ ಮೋಡೆಮ್ ಅವುಗಳನ್ನು ಸುಲಭವಾಗಿ ಬೇರ್ಪಡಿಸಬಲ್ಲದು.

ಈ ತತ್ವವನ್ನು ವಿದ್ಯುತ್ ಸಂಸ್ಥೆಗಳು 1920ರ ದಶಕದಿಂದಲೂ ಬಳಸುತ್ತಿವೆ. ಒಂದು ಉಪಕೇಂದ್ರದಿಂದ ಇನ್ನೊಂದಕ್ಕೆ ಮಾತನಾಡಲು ಮತ್ತು ರಕ್ಷಣಾ ಸಂಕೇತ ಕಳುಹಿಸಲು ಅಧಿಕ ಒತ್ತಡದ ಮಾರ್ಗಗಳನ್ನೇ ಬಳಸುವ ಪದ್ಧತಿ ನಮ್ಮ ದೇಶದಲ್ಲಿಯೂ ಹಲವು ದಶಕಗಳಿಂದ ಇದೆ. ದೊಡ್ಡ ಉಪಕೇಂದ್ರಗಳ ಅಂಗಳದಲ್ಲಿ, ತಂತಿ ಒಳಬರುವ ಜಾಗದಲ್ಲಿ ಪೀಪಾಯಿಯ ಆಕಾರದ ದೊಡ್ಡ ಸುರುಳಿಗಳು ತೂಗುತ್ತಿರುವುದನ್ನು ಹಲವರು ಕಂಡಿರಬಹುದು. ಸಂಕೇತವು ಉಪಕೇಂದ್ರದ ಯಂತ್ರಗಳ ಕಡೆಗೆ ಹರಿದುಹೋಗದಂತೆ ತಡೆಯುವುದೇ ಅವುಗಳ ಕೆಲಸ.

ಆದರೆ ಈ ಹಳೆಯ ಪದ್ಧತಿಯಲ್ಲಿ ಕಳುಹಿಸುವ ಮಾಹಿತಿ ಅತ್ಯಲ್ಪ. ಬಳಸುವ ಆವರ್ತನವೂ ಕಡಿಮೆ. ಮಾಹಿತಿಯ ವೇಗ ಹೆಚ್ಚಬೇಕಾದರೆ ಆವರ್ತನವೂ ಹೆಚ್ಚಬೇಕು. ತೊಡಕುಗಳು ಆರಂಭವಾಗುವುದು ಅಲ್ಲಿಂದ.

4. ತಂತಿಯಲ್ಲಿಯೇ ಇರುವ ಅಡಚಣೆಗಳು

4.1 ಶಬ್ದ: ದೂರವಾಣಿ ತಂತಿಯಲ್ಲಿ ಎರಡು ಎಳೆಗಳನ್ನು ಹೊಸೆದಿರುತ್ತಾರೆ. ಕೇಬಲ್ ಟಿ.ವಿ.ಯ ತಂತಿಗೆ ಲೋಹದ ಹೊದಿಕೆ ಇರುತ್ತದೆ. ಹೊರಗಿನ ಶಬ್ದ ಒಳಬರದಂತೆ, ಒಳಗಿನ ಸಂಕೇತ ಹೊರಹೋಗದಂತೆ ಇವು ಕಾಯುತ್ತವೆ. ಕಂಬದ ಮೇಲಿನ ವಿದ್ಯುತ್ ತಂತಿಗೆ ಇಂತಹ ಯಾವ ರಕ್ಷಣೆಯೂ ಇಲ್ಲ. ಜೊತೆಗೆ ಮಿಕ್ಸಿ, ಮೋಟಾರ್, ಮೊಬೈಲ್ ಚಾರ್ಜರ್, ಎಲ್.ಇ.ಡಿ. ದೀಪ ಮುಂತಾದ ಪ್ರತಿಯೊಂದು ಸಾಧನವೂ ತಂತಿಯೊಳಗೆ ತನ್ನದೇ ಆದ ವಿದ್ಯುತ್ ಶಬ್ದವನ್ನು ಸೇರಿಸುತ್ತದೆ. ಸಂಜೆ ಎಲ್ಲರ ಮನೆಯಲ್ಲಿ ಸಾಧನಗಳು ಚಾಲೂ ಆದಾಗ, ಅಂದರೆ ಅಂತರ್ಜಾಲದ ಬೇಡಿಕೆಯೂ ಹೆಚ್ಚಿರುವಾಗಲೇ, ಈ ಶಬ್ದ ಹೆಚ್ಚುತ್ತದೆ.

4.2 ದೂರ: ಅಧಿಕ ಆವರ್ತನದ ಸಂಕೇತವು ತಂತಿಯಲ್ಲಿ ಸಾಗುತ್ತಾ ಬೇಗನೆ ಕ್ಷೀಣಿಸುತ್ತದೆ. ತಂತಿ ಕವಲೊಡೆಯುವ ಪ್ರತಿಯೊಂದು ಜಾಗದಲ್ಲಿ ಅದರ ಒಂದು ಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ. ಆದುದರಿಂದ ಕೆಲವು ನೂರು ಮೀಟರ್‌ಗಳಿಗೊಮ್ಮೆ ಸಂಕೇತವನ್ನು ಮತ್ತೆ ಬಲಪಡಿಸುವ ಉಪಕರಣವನ್ನು ಕಂಬದ ಮೇಲೆ ಅಳವಡಿಸಬೇಕಾಗುತ್ತದೆ.

4.3 ಟ್ರಾನ್ಸ್‌ಫಾರ್ಮರ್: ವಿದ್ಯುತ್ ಒತ್ತಡವನ್ನು ಇಳಿಸಿ ಮನೆಗೆ ನೀಡುವ ಟ್ರಾನ್ಸ್‌ಫಾರ್ಮರ್ ಅನ್ನು 50 ಹರ್ಟ್ಸ್‌ಗಾಗಿ ರೂಪಿಸಲಾಗಿರುತ್ತದೆ. ಮೆಗಾಹರ್ಟ್ಸ್ ಮಟ್ಟದ ಸಂಕೇತ ಅದರ ಮೂಲಕ ದಾಟುವಾಗ ಬಹುಮಟ್ಟಿಗೆ ನಷ್ಟವಾಗುತ್ತದೆ. ಹಾಗಾಗಿ ಸಂಕೇತವನ್ನು ಟ್ರಾನ್ಸ್‌ಫಾರ್ಮರ್‌ನ ಪಕ್ಕದಿಂದ ಸುತ್ತಿಸಿ ಕಳುಹಿಸುವ ಪ್ರತ್ಯೇಕ ಉಪಕರಣ ಬೇಕಾಗುತ್ತದೆ.

5. ವೆಚ್ಚದ ಲೆಕ್ಕ

"ತಂತಿ ಈಗಾಗಲೇ ಇದೆ, ಆದ್ದರಿಂದ ಖರ್ಚಿಲ್ಲ" ಎಂಬುದು ಈ ವಿಧಾನದ ಪರವಾಗಿ ಮಂಡಿಸಲಾದ ಮುಖ್ಯ ವಾದವಾಗಿತ್ತು. ಮೇಲ್ಕಂಡ ಉಪಕರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಬದಲಾಗುತ್ತದೆ. ಇದನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಇಲ್ಲಿನ ಮೊತ್ತಗಳು ಕೇವಲ ತಿಳಿವಳಿಕೆಗಾಗಿ ಊಹಿಸಿಕೊಂಡವು.

ಒಂದು ಟ್ರಾನ್ಸ್‌ಫಾರ್ಮರ್‌ಗೆ ಅಳವಡಿಸುವ ಉಪಕರಣಕ್ಕೆ ರೂ. 20,000 ವೆಚ್ಚ ಹಾಗೂ ಪ್ರತಿ ಆರು ಮನೆಗಳಲ್ಲಿ ಒಂದು ಮನೆಯವರು ಮಾತ್ರ ಸೇವೆ ಪಡೆಯುತ್ತಾರೆ ಎಂದು ಭಾವಿಸೋಣ.

(ಅ) ಒಂದು ಟ್ರಾನ್ಸ್‌ಫಾರ್ಮರ್‌ನಿಂದ 120 ಮನೆಗಳಿಗೆ ವಿದ್ಯುತ್ ಹೋಗುತ್ತಿದ್ದರೆ ಗ್ರಾಹಕರು 20 ಮಂದಿ. ತಲಾ ವೆಚ್ಚ ರೂ. 1,000.

(ಆ) ಒಂದು ಟ್ರಾನ್ಸ್‌ಫಾರ್ಮರ್‌ನಿಂದ 6 ಮನೆಗಳಿಗೆ ಮಾತ್ರ ವಿದ್ಯುತ್ ಹೋಗುತ್ತಿದ್ದರೆ ಗ್ರಾಹಕರು ಒಬ್ಬರೇ. ಅವರ ಪಾಲಿನ ವೆಚ್ಚ ರೂ. 20,000.

ಯುರೋಪಿನ ನಗರಗಳು ಮೊದಲನೆಯ ಬಗೆಗೆ ಸೇರುತ್ತವೆ. ನಮ್ಮ ಪಟ್ಟಣದ ಬಡಾವಣೆಗಳಲ್ಲಿಯೂ ಒಂದು ಟ್ರಾನ್ಸ್‌ಫಾರ್ಮರ್ ಅನೇಕ ಮನೆಗಳಿಗೆ ವಿದ್ಯುತ್ ನೀಡುತ್ತದೆ. ಅಮೆರಿಕದಲ್ಲಿ ಕಂಬದ ಮೇಲಿನ ಸಣ್ಣ ಟ್ರಾನ್ಸ್‌ಫಾರ್ಮರ್ ಕೆಲವೇ ಮನೆಗಳಿಗೆ ಸೀಮಿತವಾಗಿರುವುದರಿಂದ ಆ ದೇಶ ಎರಡನೆಯ ಬಗೆಗೆ ಸೇರುತ್ತದೆ. ನಮ್ಮ ಊರುಗಳ ಹೊರಗೆ ಕೆಲವು ಪಂಪ್‌ಸೆಟ್‌ಗಳು ಮತ್ತು ಮೂರು ನಾಲ್ಕು ತೋಟದ ಮನೆಗಳಿಗಾಗಿ ಹಾಕಿರುವ ಟ್ರಾನ್ಸ್‌ಫಾರ್ಮರ್‌ಗಳ ಸ್ಥಿತಿಯೂ ಎರಡನೆಯ ಬಗೆಯದೇ ಆಗಿದೆ.

ಇದರಿಂದ ಒಂದು ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ಮನೆ ದೂರವಾದಷ್ಟೂ ತಂತಿ ಉದ್ದವಾಗುತ್ತದೆ, ಬಲಪಡಿಸುವ ಉಪಕರಣಗಳು ಹೆಚ್ಚುತ್ತವೆ ಮತ್ತು ವೆಚ್ಚ ಹಂಚಿಕೊಳ್ಳುವ ಮನೆಗಳು ಕಡಿಮೆಯಾಗುತ್ತವೆ. ಬೇರೆ ಯಾವ ಸಂಪರ್ಕವೂ ಇಲ್ಲದ ಯಾವ ದೂರದ ಮನೆಗಳಿಗಾಗಿ ಈ ವಿಧಾನ ವರದಾನವಾಗುವುದೆಂದು ನಿರೀಕ್ಷಿಸಲಾಗಿತ್ತೋ ಆ ಮನೆಗಳಿಗೇ ಅದು ಅತ್ಯಂತ ದುಬಾರಿಯಾಗುತ್ತದೆ. ಅದು ಅಗ್ಗವಾಗುವುದು ಮನೆಗಳು ಒತ್ತಾಗಿರುವ ನಗರದಲ್ಲಿ. ಅಲ್ಲಿಯಾದರೋ ದೂರವಾಣಿ ಮತ್ತು ಕೇಬಲ್ ಕಂಪನಿಗಳು ಮೊದಲೇ ಇರುತ್ತವೆ.

6. ರೇಡಿಯೋ ಸೇವೆಗಳಿಗೆ ಆಗುವ ತೊಂದರೆ

ಹೊದಿಕೆಯಿಲ್ಲದ ಉದ್ದನೆಯ ತಂತಿಯಲ್ಲಿ ಮೆಗಾಹರ್ಟ್ಸ್ ಮಟ್ಟದ ಸಂಕೇತ ಹರಿದಾಗ ಆ ತಂತಿಯೇ ಒಂದು ಆಂಟೆನಾದಂತೆ ವರ್ತಿಸುತ್ತದೆ. ಸಂಕೇತದ ಒಂದು ಭಾಗ ಗಾಳಿಯಲ್ಲಿ ಪ್ರಸಾರವಾಗುತ್ತದೆ. 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಇದೇ ವ್ಯಾಪ್ತಿಯಲ್ಲಿ ಶಾರ್ಟ್‌ವೇವ್ ಪ್ರಸಾರ, ದೂರದ ವಿಮಾನ ಹಾಗೂ ಹಡಗುಗಳ ಸಂಪರ್ಕ ಮತ್ತು ಹವ್ಯಾಸಿ ರೇಡಿಯೋ ಸೇವೆಗಳು ನಡೆಯುತ್ತವೆ. ದೂರದಿಂದ ಬರುವ ಕ್ಷೀಣ ಧ್ವನಿಯನ್ನು ಕೇಳಬೇಕಾದ ಈ ಸೇವೆಗಳಿಗೆ ಪಕ್ಕದ ಬೀದಿಯ ತಂತಿಯಿಂದ ಹೊಮ್ಮುವ ಗದ್ದಲ ದೊಡ್ಡ ಅಡ್ಡಿಯಾಗುತ್ತದೆ.

ಇದು ಕೆಲವೇ ಹವ್ಯಾಸಿಗಳ ದೂರು ಎಂದು ಭಾವಿಸುವಂತಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ಸಂದರ್ಭದಲ್ಲಿ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ದೂರವಾಣಿ ಸಂಪರ್ಕ ಕಡಿದುಹೋಗಿತ್ತು. ಆಗ ಪೋರ್ಟ್‌ಬ್ಲೇರ್‌ನಲ್ಲಿದ್ದ ಹವ್ಯಾಸಿ ರೇಡಿಯೋ ತಂಡವು ದ್ವೀಪಗಳ ಸುದ್ದಿಯನ್ನು ಮುಖ್ಯ ಭೂಭಾಗಕ್ಕೆ ತಲುಪಿಸಿತು. ಕಂಬಗಳು ಬಿದ್ದು ಗೋಪುರಗಳು ನಿಷ್ಕ್ರಿಯವಾದಾಗಲೂ ಉಳಿಯುವ ಸಂಪರ್ಕ ಇದಾಗಿರುವುದರಿಂದ ಇದರ ರಕ್ಷಣೆ ಸಾರ್ವಜನಿಕ ಹಿತಾಸಕ್ತಿಯ ವಿಷಯವಾಗಿದೆ.

ಅಮೆರಿಕದ ಫೆಡರಲ್ ಸಂವಹನ ಆಯೋಗವು 2004ರ ಅಕ್ಟೋಬರ್‌ನಲ್ಲಿ ತಂತಿ ಬ್ರಾಡ್‌ಬ್ಯಾಂಡ್‌ಗೆ ಪ್ರತ್ಯೇಕ ನಿಯಮಗಳನ್ನು ರೂಪಿಸಿತು. ಕೆಲವು ಆವರ್ತನಗಳನ್ನು ಬಳಸದಿರುವುದು, ತೊಂದರೆಯುಂಟಾದಾಗ ಉಪಕರಣವನ್ನು ದೂರದಿಂದಲೇ ನಿಲ್ಲಿಸುವ ವ್ಯವಸ್ಥೆ ಹೊಂದಿರುವುದು, ಎಲ್ಲೆಲ್ಲಿ ಸೇವೆ ಇದೆ ಎಂಬ ವಿವರವನ್ನು ಸಾರ್ವಜನಿಕರಿಗೆ ತೆರೆದಿಡುವುದು ಇತ್ಯಾದಿ ಷರತ್ತುಗಳು ಅದರಲ್ಲಿದ್ದವು. ಹವ್ಯಾಸಿಗಳ ಸಂಘವಾದ ಅಮೆರಿಕನ್ ರೇಡಿಯೋ ರಿಲೇ ಲೀಗ್ ಈ ನಿಯಮಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಆಯೋಗವು ತಾನು ಆಧರಿಸಿದ ಅಧ್ಯಯನಗಳ ಕೆಲವು ಭಾಗಗಳನ್ನು ಬಹಿರಂಗಪಡಿಸದಿರುವುದು ಹಾಗೂ ಸಂಕೇತ ದೂರಕ್ಕೆ ಹೋದಂತೆ ಎಷ್ಟು ಕ್ಷೀಣಿಸುತ್ತದೆ ಎಂಬ ತನ್ನ ಲೆಕ್ಕಕ್ಕೆ ತಕ್ಕ ಸಮರ್ಥನೆ ನೀಡದಿರುವುದು ಸರಿಯಲ್ಲವೆಂದು ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯವು 2008ರ ಏಪ್ರಿಲ್‌ನಲ್ಲಿ ತೀರ್ಪು ನೀಡಿ, ಆ ಅಂಶಗಳನ್ನು ಮರುಪರಿಶೀಲನೆಗಾಗಿ ಆಯೋಗಕ್ಕೆ ಹಿಂದಿರುಗಿಸಿತು. 2011ರಲ್ಲಿ ಆಯೋಗವು ಕೆಲವು ಬದಲಾವಣೆಗಳೊಂದಿಗೆ ನಿಯಮಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು.

ಜಪಾನ್ ಬೇರೆ ದಾರಿ ಹಿಡಿಯಿತು. 2006ರಲ್ಲಿ ಅಲ್ಲಿ 2ರಿಂದ 30 ಮೆಗಾಹರ್ಟ್ಸ್‌ನ ಉಪಕರಣಗಳಿಗೆ ಅನುಮತಿ ನೀಡಿದಾಗ ಅದನ್ನು ಕಟ್ಟಡದ ಒಳಗಿನ ಬಳಕೆಗೆ ಸೀಮಿತಗೊಳಿಸಲಾಯಿತು.

7. ವಿವಿಧೆಡೆಗಳ ಅನುಭವ

7.1 ಮ್ಯಾಂಚೆಸ್ಟರ್, ಬ್ರಿಟನ್: ನಾರ್‌ವೆಬ್ ವಿದ್ಯುತ್ ಕಂಪನಿಯ ಅಂಗಸಂಸ್ಥೆ ಹಾಗೂ ನಾರ್ಟೆಲ್ ಕಂಪನಿಗಳು 1997ರ ಅಕ್ಟೋಬರ್‌ನಲ್ಲಿ ಈ ತಂತ್ರಜ್ಞಾನವನ್ನು ಪ್ರಕಟಿಸಿದವು. ಸೆಕೆಂಡಿಗೆ 1 ಮೆಗಾಬಿಟ್ ವೇಗ ಅಂದಿನ ದಿನಗಳಲ್ಲಿ ದೊಡ್ಡ ಭರವಸೆಯಾಗಿತ್ತು. ಪ್ರಯೋಗದ ವೇಳೆ ಬೀದಿದೀಪದ ಕಂಬಗಳೇ ಆಂಟೆನಾಗಳಂತೆ ಸಂಕೇತವನ್ನು ಹೊರಸೂಸುವ ವಿಷಯ ಚರ್ಚೆಗೆ ಬಂದಿತು. 1999ರಲ್ಲಿ ಯೋಜನೆಯನ್ನು ಕೈಬಿಡಲಾಯಿತು.

7.2 ಜರ್ಮನಿ: ಆರ್.ಡಬ್ಲ್ಯು.ಇ. ವಿದ್ಯುತ್ ಕಂಪನಿಯು 2001ರಲ್ಲಿ ಗ್ರಾಹಕರಿಗೆ ಸೇವೆ ಆರಂಭಿಸಿ 2002ರಲ್ಲಿ ನಿಲ್ಲಿಸಿತು.

7.3 ಮನಾಸಸ್, ಅಮೆರಿಕ: ವರ್ಜೀನಿಯಾ ರಾಜ್ಯದ ಈ ಸಣ್ಣ ನಗರದಲ್ಲಿ ವಿದ್ಯುತ್ ವಿತರಣೆ ನಗರಾಡಳಿತದ್ದೇ ಆಗಿದೆ. 2005ರ ಅಕ್ಟೋಬರ್‌ನಲ್ಲಿ ಇಡೀ ನಗರಕ್ಕೆ ತಂತಿ ಬ್ರಾಡ್‌ಬ್ಯಾಂಡ್ ಒದಗಿಸಲಾಯಿತು. 12,000ಕ್ಕೂ ಹೆಚ್ಚು ಮನೆಗಳಿಗೆ ಸೇವೆ ಲಭ್ಯವಿತ್ತು; ಮಾಸಿಕ ಶುಲ್ಕ 30 ಡಾಲರ್‌ಗೂ ಕಡಿಮೆ. ದೇಶಕ್ಕೇ ಮಾದರಿಯೆಂದು ಪ್ರಚಾರ ಪಡೆದ ಈ ಸೇವೆಗೆ ಕೊನೆಯ ವೇಳೆಗೆ ಉಳಿದಿದ್ದ ಗ್ರಾಹಕರು 500ರ ಆಸುಪಾಸಿನಲ್ಲಿ, ಅಂದರೆ ನೂರು ಮನೆಗಳಲ್ಲಿ ಸುಮಾರು ನಾಲ್ಕು. ಮೊದಲು ಖಾಸಗಿ ಕಂಪನಿ ನಡೆಸುತ್ತಿದ್ದ ಸೇವೆಯನ್ನು ನಂತರ ನಗರಾಡಳಿತವೇ ವಹಿಸಿಕೊಂಡಿತು. ಆದಾಯ ಖರ್ಚನ್ನು ಸರಿದೂಗಿಸದ ಕಾರಣ ನಗರಸಭೆಯು 2010ರ ಏಪ್ರಿಲ್‌ನಲ್ಲಿ ಸೇವೆಯನ್ನು ಕೊನೆಗೊಳಿಸಲು ತೀರ್ಮಾನಿಸಿತು. ಹವ್ಯಾಸಿ ರೇಡಿಯೋ ಬಳಕೆದಾರರಿಂದ ಅಡಚಣೆಯ ದೂರುಗಳೂ ಅಲ್ಲಿ ನಿರಂತರವಾಗಿದ್ದವು.

ಮೇಲಿನ ಉದಾಹರಣೆಯಲ್ಲಿ ಆರರಲ್ಲಿ ಒಂದು ಮನೆ ಸೇವೆ ಪಡೆಯುತ್ತದೆಂದು ಭಾವಿಸಲಾಗಿತ್ತು. ಮನಾಸಸ್‌ನ ಅನುಭವದಂತೆ ಅದು ಇಪ್ಪತ್ತೈದರಲ್ಲಿ ಒಂದಾದರೆ ಲೆಕ್ಕ ಏನಾಗುವುದೆಂಬುದನ್ನು ಓದುಗರು ಊಹಿಸಬಹುದು.

7.4 ಡಲ್ಲಾಸ್, ಅಮೆರಿಕ: ಟೆಕ್ಸಾಸ್ ರಾಜ್ಯದಲ್ಲಿ 20 ಲಕ್ಷ ಮನೆಗಳನ್ನು ತಲುಪುವ ಯೋಜನೆಯನ್ನು 2005ರಲ್ಲಿ ಘೋಷಿಸಲಾಗಿತ್ತು. 2008ರಲ್ಲಿ ಆನ್‌ಕೋರ್ ವಿದ್ಯುತ್ ವಿತರಣಾ ಕಂಪನಿಯು ಈ ಜಾಲವನ್ನು 9 ಕೋಟಿ ಡಾಲರ್‌ಗೆ ಖರೀದಿಸಿತು. ಆದರೆ ಅದು ಜನರಿಗೆ ಅಂತರ್ಜಾಲ ಮಾರಲು ಅಲ್ಲ. ತನ್ನ ವಿದ್ಯುತ್ ಜಾಲದ ಮೇಲೆ ನಿಗಾ ಇಡಲು.

7.5 ಗ್ರಾಮೀಣ ಸಹಕಾರ ಸಂಘಗಳು, ಅಮೆರಿಕ: ಆ ದೇಶದ ಹಳ್ಳಿಗಳಲ್ಲಿ ವಿದ್ಯುತ್ ವಿತರಣೆಯನ್ನು ಹೆಚ್ಚಾಗಿ ಸಹಕಾರ ಸಂಘಗಳು ನಿರ್ವಹಿಸುತ್ತವೆ. ನಮ್ಮ ರಾಜ್ಯದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ಬಲ್ಲವರಿಗೆ ಈ ವ್ಯವಸ್ಥೆ ಪರಿಚಿತವೇ. ಅಲಬಾಮಾ ಮೊದಲಾದ ರಾಜ್ಯಗಳ ಇಂತಹ ಸಂಘಗಳ ತಂತಿಗಳಲ್ಲಿ ಐ.ಬಿ.ಇ.ಸಿ. ಎಂಬ ಕಂಪನಿಯು ಐ.ಬಿ.ಎಂ. ಸಹಯೋಗದೊಂದಿಗೆ 2008ರಿಂದ ಹಳ್ಳಿಗಳಿಗೆ ಸೇವೆ ವಿಸ್ತರಿಸತೊಡಗಿತು. 2011ರ ಏಪ್ರಿಲ್‌ನಲ್ಲಿ ಬೀಸಿದ ಭೀಕರ ಸುಂಟರಗಾಳಿಗಳಿಂದ ಜಾಲಕ್ಕೆ ತೀವ್ರ ಹಾನಿಯಾಯಿತು. 2012ರ ಆರಂಭದಲ್ಲಿ ಕಂಪನಿ ಸೇವೆ ನಿಲ್ಲಿಸಿತು. ಬೇರೆ ಸಂಪರ್ಕವಿಲ್ಲದೆ ಇದನ್ನೇ ನಂಬಿದ್ದ ಹಳ್ಳಿಯ ಗ್ರಾಹಕರು ಮತ್ತೊಂದು ವ್ಯವಸ್ಥೆಯನ್ನು ಹುಡುಕಿಕೊಳ್ಳಬೇಕಾಯಿತು. ಸೇವೆ ತಲುಪುವುದು ಎಷ್ಟು ಮುಖ್ಯವೋ ಅದು ಉಳಿಯುವುದೂ ಅಷ್ಟೇ ಮುಖ್ಯ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

8. ತಂತಿಯಲ್ಲಿ ಯಶಸ್ವಿಯಾದ ಕಾರ್ಯಗಳು

ಮೇಲಿನ ಅನುಭವಗಳಿಂದ ವಿದ್ಯುತ್ ತಂತಿ ಮಾಹಿತಿ ಒಯ್ಯಲು ಅಯೋಗ್ಯವೆಂದು ತೀರ್ಮಾನಿಸುವುದು ಸರಿಯಾಗದು. ಅಲ್ಪ ದೂರಕ್ಕೆ ಅಥವಾ ಅಲ್ಪ ವೇಗದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

(ಅ) ಮೀಟರ್ ಓದುವಿಕೆ: ಇಟಲಿಯ ಎನೆಲ್ ಕಂಪನಿಯು 2001ರಿಂದ ಕೆಲವೇ ವರ್ಷಗಳಲ್ಲಿ ಸುಮಾರು 3 ಕೋಟಿ ಮನೆಗಳಿಗೆ, ಬಳಕೆಯ ಅಳತೆಯನ್ನು ತಂತಿಯ ಮೂಲಕವೇ ಕಳುಹಿಸುವ ಮೀಟರ್‌ಗಳನ್ನು ಅಳವಡಿಸಿತು. ಫ್ರಾನ್ಸ್ ದೇಶವು 2015ರ ನಂತರ ಲಿಂಕಿ ಎಂಬ ಮೀಟರ್‌ಗಳನ್ನು ಇದೇ ರೀತಿ ಕೋಟಿಗಟ್ಟಲೆ ಮನೆಗಳಿಗೆ ಹಾಕಿತು. ಇವು ಬಳಸುವುದು 100 ಕಿಲೋಹರ್ಟ್ಸ್‌ಗಿಂತ ಕಡಿಮೆ ಆವರ್ತನ. ಒಂದು ಮನೆಯ ಬಳಕೆಯ ಅಂಕಿ ಕಳುಹಿಸಲು ಅಷ್ಟು ಸಾಕು.

(ಆ) ಮನೆಯೊಳಗಿನ ಜಾಲ: ಹೋಮ್‌ಪ್ಲಗ್ ಎಂಬ ಮಾನದಂಡ 2001ರಲ್ಲಿ ಹೊರಬಂದಾಗ ಅದರ ಗರಿಷ್ಠ ವೇಗ ಸೆಕೆಂಡಿಗೆ 14 ಮೆಗಾಬಿಟ್ ಆಗಿತ್ತು, 2005ರ ಆವೃತ್ತಿಯಲ್ಲಿ 200 ಮೆಗಾಬಿಟ್. 2010ರಲ್ಲಿ ಐ.ಇ.ಇ.ಇ. ಸಂಸ್ಥೆಯು 1901 ಎಂಬ ಸಂಖ್ಯೆಯ ಮಾನದಂಡವನ್ನು ರೂಪಿಸಿತು. ದಪ್ಪ ಗೋಡೆಗಳಿಂದಾಗಿ ವೈ-ಫೈ ತಲುಪದ ಕೋಣೆಗೆ ಮನೆಯ ವೈರಿಂಗ್ ಮೂಲಕವೇ ಅಂತರ್ಜಾಲ ಕೊಂಡೊಯ್ಯುವ ಅಡಾಪ್ಟರ್‌ಗಳು ಇಂದಿಗೂ ಬಳಕೆಯಲ್ಲಿವೆ.

(ಇ) ವಿದ್ಯುತ್ ವಾಹನ: ಕಾರುಗಳ ವೇಗದ ಚಾರ್ಜಿಂಗ್‌ಗೆ ಬಳಸುವ ಸಿ.ಸಿ.ಎಸ್. ಪದ್ಧತಿಯಲ್ಲಿ ವಾಹನ ಮತ್ತು ಚಾರ್ಜರ್ ಪರಸ್ಪರ ಮಾಹಿತಿ ವಿನಿಮಯ ಮಾಡಿಕೊಳ್ಳುವುದು ಹೋಮ್‌ಪ್ಲಗ್ ಕುಟುಂಬದ ತಂತ್ರಜ್ಞಾನದಿಂದಲೇ. ಇದು ಚಾರ್ಜಿಂಗ್ ಕೇಬಲ್‌ನ ನಿಯಂತ್ರಣ ತಂತಿಯಲ್ಲಿ ನಡೆಯುತ್ತದೆ. ಬ್ಯಾಟರಿಗೆ ಎಷ್ಟು ವಿದ್ಯುತ್ ಬೇಕೆಂಬುದನ್ನು ಕಾರು ಹೀಗೆ ಚಾರ್ಜರ್‌ಗೆ ತಿಳಿಸುತ್ತದೆ.

9. ತಂತಿಯಲ್ಲಿ ಅಲ್ಲ, ಕಂಬದ ಮೇಲೆ

ಹಲವೆಡೆ ವಿದ್ಯುತ್ ಸಂಸ್ಥೆಗಳು ಅಂತಿಮವಾಗಿ ಅಂತರ್ಜಾಲಕ್ಕೆ ನೆರವಾದದ್ದು ತಮ್ಮ ತಂತಿಯಿಂದಲ್ಲ, ತಮ್ಮ ಕಂಬಗಳಿಂದ. ಕೂದಲೆಳೆಯಂತಹ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಆಪ್ಟಿಕಲ್ ಫೈಬರ್‌ಗೆ ವಿದ್ಯುತ್ ಶಬ್ದ ತಟ್ಟುವುದಿಲ್ಲ. ಅದು ರೇಡಿಯೋ ಅಡಚಣೆಯನ್ನೂ ಉಂಟುಮಾಡುವುದಿಲ್ಲ. ಅಮೆರಿಕದ ಚಾಟನೂಗಾ ನಗರದ ಸಾರ್ವಜನಿಕ ವಿದ್ಯುತ್ ಸಂಸ್ಥೆಯು ತನ್ನ ಜಾಲದ ಆಧುನೀಕರಣಕ್ಕಾಗಿ ಹಾಕಿದ ಫೈಬರ್ ಅನ್ನೇ ಬಳಸಿ 2010ರಲ್ಲಿ ಸೆಕೆಂಡಿಗೆ 1 ಗಿಗಾಬಿಟ್ ವೇಗದ ಸೇವೆಯನ್ನು ಮನೆಗಳಿಗೆ ನೀಡಿತು. ಮನಾಸಸ್ ತನ್ನ ಸೇವೆಯನ್ನು ನಿಲ್ಲಿಸಿದ್ದೂ ಅದೇ ವರ್ಷ.

ನೆರೆಯ ಕೇರಳ ರಾಜ್ಯದಲ್ಲಿ ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಫೈಬರ್ ಎಳೆದು ರೂಪಿಸಲಾದ ಕೆ-ಫೋನ್ ಯೋಜನೆಯನ್ನು 2023ರ ಜೂನ್ 5ರಂದು ಉದ್ಘಾಟಿಸಲಾಯಿತು. ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ನೀಡುವುದು ಅದರ ಉದ್ದೇಶಗಳಲ್ಲೊಂದು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಮಂಜೂರಾತಿ ದೊರೆತಿದ್ದು, ಅದು ಭಾರತ್‌ನೆಟ್ ಎಂಬ ಹೆಸರಿನಲ್ಲಿ ಕರ್ನಾಟಕದ ಪಂಚಾಯಿತಿಗಳನ್ನೂ ಒಳಗೊಂಡಿದೆ.

10. ಮನೆಯೊಳಗೆ ಅಡಾಪ್ಟರ್ ಬಳಸುವವರ ಗಮನಕ್ಕೆ

1) ಅಡಾಪ್ಟರ್ ಮನೆಗೆ ಅಂತರ್ಜಾಲ ತರುವುದಿಲ್ಲ, ಈಗಾಗಲೇ ಬಂದಿರುವ ಸಂಪರ್ಕವನ್ನು ಮತ್ತೊಂದು ಕೋಣೆಗೆ ಒಯ್ಯುತ್ತದೆ. ಎರಡು ಅಡಾಪ್ಟರ್‌ಗಳು ಅಗತ್ಯ: ಒಂದು ರೂಟರ್ ಬಳಿ, ಇನ್ನೊಂದು ಆ ಕೋಣೆಯಲ್ಲಿ.

2) ವಿದೇಶದಿಂದ ತಂದ ಉಪಕರಣವಾದಲ್ಲಿ ಅದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ಹೊಂದುವುದೇ ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು.

3) ಅಡಾಪ್ಟರ್ ಅನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಸಿಕ್ಕಿಸುವುದು ಸೂಕ್ತ. ಸ್ಪೈಕ್‌ಗಾರ್ಡ್ ಅಥವಾ ಯು.ಪಿ.ಎಸ್. ಮೂಲಕ ಸಿಕ್ಕಿಸಿದರೆ ಅವುಗಳಲ್ಲಿನ ಶೋಧಕಗಳು ಸಂಕೇತವನ್ನೂ ತಡೆಯಬಹುದು.

4) ಮೂರು ಫೇಸ್ ಸಂಪರ್ಕವಿರುವ ಮನೆಯಲ್ಲಿ ಎರಡು ಅಡಾಪ್ಟರ್‌ಗಳೂ ಒಂದೇ ಫೇಸ್‌ನಲ್ಲಿದ್ದರೆ ಉತ್ತಮ ವೇಗ ದೊರೆಯುತ್ತದೆ. ಒಂದು ಇನ್ವರ್ಟರ್ ಸಾಲಿನಲ್ಲಿ, ಇನ್ನೊಂದು ನೇರ ಸಾಲಿನಲ್ಲಿ ಇದ್ದರೆ ಸಂಪರ್ಕ ಸಿಗದಿರಬಹುದು.

5) ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗ ಗರಿಷ್ಠ ಮಿತಿಯಾಗಿದ್ದು, ವಾಸ್ತವವಾಗಿ ದೊರೆಯುವ ವೇಗ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ.

6) ಅಡಾಪ್ಟರ್‌ಗಳ ಜೋಡಣೆಯ ಗುಂಡಿಯನ್ನು ಒತ್ತಿ ಸ್ವಂತ ಗುಪ್ತ ಕೀಲಿಯನ್ನು ರೂಪಿಸಿಕೊಳ್ಳುವುದು ಅವಶ್ಯಕ. ಬಹುಮಹಡಿ ಕಟ್ಟಡಗಳಲ್ಲಿ ಸಂಕೇತ ಪಕ್ಕದ ಮನೆಯ ವೈರಿಂಗ್‌ಗೂ ತಲುಪುವ ಸಾಧ್ಯತೆ ಇರುತ್ತದೆ.

11. ಅರ್ಜಿದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ವಿದ್ಯುತ್ ಸಂಪರ್ಕದ ಅರ್ಜಿಯಲ್ಲಿಯೇ ಅಂತರ್ಜಾಲವನ್ನೂ ಕೋರಬಹುದೇ?
ಉತ್ತರ: ಇಲ್ಲ. ವಿದ್ಯುತ್ ಸಂಪರ್ಕವನ್ನು ಆಯಾ ಪ್ರದೇಶದ ವಿದ್ಯುತ್ ಸರಬರಾಜು ಕಂಪನಿ ನೀಡುತ್ತದೆ. ಅಂತರ್ಜಾಲ ಸೇವೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಪಡೆದ ಸೇವಾದಾರರಿಂದ ಪಡೆಯಬೇಕಾಗುತ್ತದೆ. ಇವೆರಡಕ್ಕೂ ಪ್ರತ್ಯೇಕ ಅರ್ಜಿ ಹಾಗೂ ಪ್ರತ್ಯೇಕ ಶುಲ್ಕ ಇರುತ್ತದೆ.

ಪ್ರಶ್ನೆ: ಸ್ಮಾರ್ಟ್ ಮೀಟರ್ ಅಳವಡಿಸಿದರೆ ಮನೆಗೆ ಅಂತರ್ಜಾಲ ದೊರೆಯುವುದೇ?
ಉತ್ತರ: ಇಲ್ಲ. ಸ್ಮಾರ್ಟ್ ಮೀಟರ್ ಬಳಕೆಯ ಅಳತೆಯನ್ನು ವಿದ್ಯುತ್ ಕಂಪನಿಗೆ ಕಳುಹಿಸುವ ಸಾಧನ ಮಾತ್ರ.

ಪ್ರಶ್ನೆ: ಮೀಟರ್ ಮೂಲಕ ಅಂತರ್ಜಾಲ ಕೊಡಿಸುವುದಾಗಿ ಹೇಳಿ ಯಾರಾದರೂ ಮುಂಗಡ ಹಣ ಕೇಳಿದರೆ ಏನು ಮಾಡಬೇಕು?
ಉತ್ತರ: ಹಣ ನೀಡಬಾರದು. ಮೀಟರ್ ಅಥವಾ ಅದರ ಮುದ್ರೆಯನ್ನು ಮುಟ್ಟಲು ಯಾರಿಗೂ ಅವಕಾಶ ಕೊಡಬಾರದು. ಸಂಬಂಧಪಟ್ಟ ವಿದ್ಯುತ್ ಉಪವಿಭಾಗ ಕಚೇರಿಗೆ ಲಿಖಿತವಾಗಿ ತಿಳಿಸತಕ್ಕದ್ದು.

ಪ್ರಶ್ನೆ: ವಿದ್ಯುತ್ ಕಂಬದ ಮೇಲೆ ಸ್ವಂತವಾಗಿ ಕೇಬಲ್ ಎಳೆದುಕೊಳ್ಳಬಹುದೇ?
ಉತ್ತರ: ಕೂಡದು. ಕಂಬ ಹತ್ತುವುದು, ತಂತಿಗೆ ಯಾವುದೇ ಸಾಧನ ಜೋಡಿಸುವುದು ಪ್ರಾಣಾಪಾಯಕಾರಿ. ಮನೆಯ ಮುಂದಿನ 11 ಕಿಲೋವೋಲ್ಟ್ ತಂತಿಯನ್ನು ಸ್ಪರ್ಶಿಸದೆ ಸಮೀಪಕ್ಕೆ ಹೋದರೂ ಅವಘಡ ಸಂಭವಿಸಬಹುದು. ತಂತಿ ಜೋತುಬಿದ್ದಿರುವುದು ಅಥವಾ ತುಂಡಾಗಿರುವುದು ಕಂಡುಬಂದಲ್ಲಿ ದೂರದಲ್ಲಿಯೇ ನಿಂತು 1912 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಪ್ರಶ್ನೆ: ಊರಿಗೆ ಫೈಬರ್ ಬಂದಿದೆಯೇ ಎಂದು ಎಲ್ಲಿ ವಿಚಾರಿಸಬೇಕು?
ಉತ್ತರ: ಮೊದಲಿಗೆ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ. ಪಂಚಾಯಿತಿಯವರೆಗೆ ಫೈಬರ್ ಬಂದಿದ್ದಲ್ಲಿ, ಅಲ್ಲಿಂದ ಮನೆಗೆ ಸಂಪರ್ಕ ನೀಡುವ ಸೇವಾದಾರರು ಯಾರೆಂಬುದನ್ನು ತಿಳಿದು ಅರ್ಜಿ ಸಲ್ಲಿಸಬಹುದು. ನೆರೆಹೊರೆಯ ಹಲವು ಮನೆಗಳವರು ಒಟ್ಟಾಗಿ ಬೇಡಿಕೆ ಸಲ್ಲಿಸಿದರೆ ಸೇವಾದಾರರ ತಲಾ ವೆಚ್ಚ ಇಳಿಯುವುದರಿಂದ ಸಂಪರ್ಕ ದೊರೆಯುವ ಸಾಧ್ಯತೆ ಹೆಚ್ಚುತ್ತದೆ. ಈ ಪುಟದ 5ನೇ ಭಾಗದ ಲೆಕ್ಕವು ಫೈಬರ್‌ಗೂ ಅನ್ವಯಿಸುತ್ತದೆ.

12. ಮುಕ್ತಾಯ

ವಿದ್ಯುತ್ ತಲುಪಿದ ಪ್ರತಿಯೊಂದು ಮನೆಗೂ ಅಂತರ್ಜಾಲ ತಲುಪಬೇಕೆಂಬ ಆಶಯ ಯೋಗ್ಯವಾದುದು. ಇರುವ ತಂತಿಯೇ ಎಲ್ಲವನ್ನೂ ಹೊತ್ತು ತರುವುದೆಂಬ ನಿರೀಕ್ಷೆ ಮಾತ್ರ ಅನುಭವದಲ್ಲಿ ನಿಲ್ಲಲಿಲ್ಲ. ಯಾವುದೇ ಹೊಸ ಸೇವೆಯನ್ನು ಕುರಿತು ಸಾರ್ವಜನಿಕರು ಕೇಳಬೇಕಾದ ಪ್ರಶ್ನೆಗಳು ಮೂರು: ಸಾಲಿನ ಕೊನೆಯ ಮನೆಗೆ ತಲುಪಿಸಲು ಎಷ್ಟು ಖರ್ಚಾಗುತ್ತದೆ, ಆ ಖರ್ಚನ್ನು ಎಷ್ಟು ಮಂದಿ ಹಂಚಿಕೊಳ್ಳುತ್ತಾರೆ ಮತ್ತು ಐದು ವರ್ಷಗಳ ನಂತರವೂ ಅದನ್ನು ದುರಸ್ತಿ ಮಾಡುವವರು ಯಾರು. ಈ ಮೂರಕ್ಕೆ ಸ್ಪಷ್ಟ ಉತ್ತರ ದೊರೆತ ನಂತರವೇ ಅರ್ಜಿ ಸಲ್ಲಿಸಿ ಹಣ ಪಾವತಿಸಬೇಕೆಂದು ನಾಗರಿಕರಲ್ಲಿ ಕೋರಲಾಗಿದೆ.